ಮಗಳು ಕೆರೆ ಗಿಡಗಳನ್ನೇ ಓದುತ್ತೀನಿ ಅಂತಾಳೆ, ಬದುಕು ನಡೆಯುತ್ತಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಯಜಮಾನರು ತೆಂಗು, ರಾಗಿ ನೋಡಿಕೊಳ್ತಾರೆ. ಒಬ್ಬಳೇ ಮಗಳು, ಬಿ.ಎಸ್ಸಿ. ಕೊನೇ ವರ್ಷ. ಬಾಟನಿ ಅಂದ್ರೆ ಪ್ರಾಣ, ಅದರಲ್ಲೂ ನೀರಲ್ಲಿ ಬೆಳೆಯೋ ಗಿಡಗಳು. ಹಿತ್ತಲಲ್ಲಿ ಆರು ಹಳೇ ಟಬ್ ಇಟ್ಟುಕೊಂಡು ಕೆರೆಯಿಂದ ಏನೇನೋ ತಂದು ಬೆಳೆಸಿದ್ದಾಳೆ. ಸೊಳ್ಳೆ ಕಾಟ ಬೇರೆ. ಎಂ.ಎಸ್ಸಿ. ಮಾಡಿ ಇದರಲ್ಲೇ ಪಿಎಚ್.ಡಿ. ಮಾಡ್ತೀನಿ ಅಂತಾಳೆ. ನನ್ನ ತಮ್ಮ, 'ಕೆರೆ ಕಳೆ ಕೀಳೋಕೆ ಡಾಕ್ಟರೇಟ್ ಯಾಕೆ, ಸುಮ್ನೆ ಬಿ.ಇಡಿ. ಮಾಡಿಸು' ಅಂತಾನೆ. ಅವಳಿಗೆ ಈಜು ಬರಲ್ಲ. ನಮ್ಮೂರ ಕೆರೆಯಲ್ಲಿ ಎರಡು ವರ್ಷದ ಹಿಂದೆ ಒಬ್ಬ ಹುಡುಗ ಹೋಗಿಬಿಟ್ಟ, ಆ ಭಯ ಇನ್ನೂ ಇದೆ. ಎಲ್ಲಾ ಓದಿ ಮುಗಿಸೋ ಹೊತ್ತಿಗೆ ಮೂವತ್ತು ದಾಟುತ್ತೆ. ಇಂಥ ಕೆಲಸ ಹಿಡಿದವರ ಬದುಕು ಹೇಗಿರುತ್ತೆ, ಇದ್ದದ್ದು ಇದ್ದ ಹಾಗೆ ಹೇಳಿ. ಇನ್ನೊಂದು ಮಾತು. ಮೊನ್ನೆ ಸಾರಿಗೆ ತಂದಿದ್ದ ಹೊನಗೊನೆ ಸೊಪ್ಪು ನೋಡಿ 'ಅಮ್ಮಾ, ಇದು ಹೊನಗೊನೆ ಅಲ್ಲ ಅನ್ಸುತ್ತೆ' ಅಂತ ಅರ್ಧ ಕಟ್ಟು ಎತ್ತಿಟ್ಟಳು. ಅದರ ಫೋಟೊ ಕಳಿಸಿದ್ದೇನೆ.

ಉತ್ತರ: ಅಕ್ಕಾ, ನಿಮ್ಮ ಪತ್ರ ಎರಡು ಸಲ ಓದಿದೆ. ಅದರಲ್ಲಿ ಮೂರು ಭಯ ಕಂಡವು. ಹೊಟ್ಟೆಪಾಡಿನದು, ನೀರಿನದು, ವಯಸ್ಸಿನದು. ನಾನು ಇಪ್ಪತ್ತೇಳು ವರ್ಷದಿಂದ ಕೆರೆ, ಹೊಳೆ, ಗದ್ದೆಗಳ ಗಿಡ ನೋಡಿಕೊಂಡೇ ಬದುಕಿದವಳು. ನನ್ನ ಅನುಭವದಲ್ಲಿ ಈ ಮೂರರಲ್ಲಿ ಜಾಸ್ತಿ ಯೋಚಿಸಬೇಕಾದ್ದು ಮೂರನೆಯದು. ನೀರಿನ ಭಯಕ್ಕೆ ಈಜು ಇದೆ, ನಿಯಮ ಇದೆ. ಹೊಟ್ಟೆಪಾಡಿಗೆ ದಾರಿಗಳಿವೆ, ಇಕ್ಕಟ್ಟಾಗಿದ್ದರೂ ಇವೆ. ಓದು ಮುಗಿದು ಕೈಗೆ ಸರಿಯಾದ ಕೆಲಸ ಬರುವ ತನಕ ನಡುವೆ ಬರುವ ವರ್ಷಗಳಿವೆಯಲ್ಲ, ಜನ ಕೈಚೆಲ್ಲುವುದು ಅಲ್ಲಿ. ಅದಕ್ಕೆ ಈಗಲೇ ಲೆಕ್ಕ ಹಾಕಿಟ್ಟುಕೊಳ್ಳಬೇಕು.

ಮೊದಲು ನಿಮ್ಮ ತಮ್ಮನ ಮಾತಿಗೆ ಬರುತ್ತೇನೆ. ಕೆರೆ ಕಳೆ ಕೀಳೋಕೆ ಡಾಕ್ಟರೇಟ್ ಯಾಕೆ ಅಂತ ಅವರು ಕೇಳಿದ್ದು ತಪ್ಪಲ್ಲ. ಕೀಳೋಕೆ ಬೇಡ. ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು ಅಂತ ಹೇಳೋಕೆ ಒಬ್ಬರು ಬೇಕು. ಅದು ಎಷ್ಟು ದೊಡ್ಡ ಕೆಲಸ ಅಂತ ಅವರಿಗೆ ತಿಳಿಸಲು ಒಂದು ನಡೆದ ಕಥೆ ಹೇಳಿ.

ಸಾಲ್ವಿನಿಯಾ ಅಂತ ಒಂದು ತೇಲುವ ಗಿಡ ಇದೆ. ಹೂ ಬಿಡುವುದಿಲ್ಲ, ಅದು ಜರಿಗಿಡದ ಜಾತಿ. ಅಂಗೈಯಲ್ಲಿ ಹಿಡಿದರೆ ಎಲೆ ಮೇಲೆಲ್ಲ ಸಣ್ಣ ಸಣ್ಣ ಕೂದಲು, ನೀರು ಹಾಕಿದರೆ ಮುತ್ತಿನ ಹಾಗೆ ಜಾರಿಹೋಗುತ್ತದೆ. ನೋಡೋಕೆ ಮುದ್ದಾಗಿದೆ. ಆದರೆ ಇದು ಆಫ್ರಿಕಾದ ಕರೀಬಾ ಜಲಾಶಯದಲ್ಲಿ 1962ರ ಹೊತ್ತಿಗೆ ಸುಮಾರು ಸಾವಿರ ಚದರ ಕಿಲೋಮೀಟರ್ ನೀರನ್ನು ಮುಚ್ಚಿಬಿಟ್ಟಿತ್ತು. ಕೇರಳದ ಕಾಲುವೆ, ಗದ್ದೆಗಳಲ್ಲಿ ದೋಣಿ ನಡೆಸಲು ಆಗದಷ್ಟು ಹಬ್ಬಿತ್ತು. ಅಲ್ಲಿನವರು ಇದನ್ನು ಆಫ್ರಿಕನ್ ಪಾಯಲ್ ಅಂತಲೇ ಕರೆಯುತ್ತಾರೆ, ಅಂದರೆ ಆಫ್ರಿಕಾದ ಪಾಚಿ. ಅದು ಆಫ್ರಿಕಾದ್ದೂ ಅಲ್ಲ, ಪಾಚಿಯೂ ಅಲ್ಲ.

ಇದನ್ನು ತಿನ್ನುವ ಕೀಟ ತಂದು ಬಿಡೋಣ ಅಂತ 1960ರ ದಶಕದಲ್ಲೇ ಪ್ರಯತ್ನ ಶುರುವಾಯಿತು. ಗಿಡವನ್ನು ಎಲ್ಲರೂ ಸಾಲ್ವಿನಿಯಾ ಆರಿಕ್ಯುಲೇಟಾ ಅಂತ ಗುರುತಿಸಿದ್ದರು. ಆ ಹೆಸರಿನ ಗಿಡ ಇದ್ದ ಕಡೆಯಿಂದ ಕೀಟ ತಂದು ಬಿಟ್ಟರು. ಕೆಲಸ ಆಗಲಿಲ್ಲ. ಯಾಕೆ ಅಂತ ತಿಳಿದದ್ದು 1972ರಲ್ಲಿ. ಡಿ.ಎಸ್. ಮಿಚೆಲ್ ಎಂಬ ಸಸ್ಯವಿಜ್ಞಾನಿ ಗಿಡವನ್ನು ಸೂಕ್ಷ್ಮವಾಗಿ ನೋಡಿ, ಇದು ಬೇರೆಯೇ ಜಾತಿ ಅಂತ ತೋರಿಸಿದರು. ಎಲೆ ನೋಡಿದರೆ ಎರಡೂ ಒಂದೇ ಥರ. ನೀರೊಳಗೆ ಬೇರಿನ ಹಾಗೆ ಇಳಿಬಿದ್ದ ಭಾಗದಲ್ಲಿ ಪುಟಾಣಿ ಚೀಲಗಳು ನೇತಾಡುತ್ತವೆ, ಅವುಗಳ ಜೋಡಣೆಯಲ್ಲಿ ವ್ಯತ್ಯಾಸ. ಮಿಚೆಲ್ ಅದಕ್ಕೆ ಸಾಲ್ವಿನಿಯಾ ಮೊಲೆಸ್ಟಾ ಅಂತ ಹೆಸರಿಟ್ಟರು. ಹೆಸರು ಸರಿಯಾದ ಮೇಲೆ ಅದರ ತವರು ಎಲ್ಲಿ ಅಂತ ಹುಡುಕಿದರು. ಆಗ್ನೇಯ ಬ್ರೆಜಿಲ್‌ನಲ್ಲಿ ಸಿಕ್ಕಿತು. ಅಲ್ಲಿ ಅದನ್ನೇ ತಿಂದು ಬದುಕುವ ಒಂದು ಪುಟ್ಟ ಮೂತಿ ಹುಳವೂ ಸಿಕ್ಕಿತು. ನಿಮ್ಮ ತೆಂಗಿಗೆ ಬೀಳುವ ಕೆಂಪು ಮೂತಿ ಹುಳದ ದೂರದ ನೆಂಟ ಅನ್ನಿ, ಆದರೆ ಎರಡೇ ಮಿಲಿಮೀಟರ್ ಉದ್ದ, ಸಾಲ್ವಿನಿಯಾ ಬಿಟ್ಟರೆ ಬೇರೆಯದರ ತಂಟೆಗೆ ಹೋಗುವುದಿಲ್ಲ.

1980ರಲ್ಲಿ ಆಸ್ಟ್ರೇಲಿಯಾದ ಮೂಂಡಾರಾ ಎಂಬ ಜಲಾಶಯದಲ್ಲಿ ಈ ಹುಳ ಬಿಟ್ಟರು. ಮರುವರ್ಷದ ಹೊತ್ತಿಗೆ ಸಾವಿರಾರು ಟನ್ ಕಳೆ ಕೊಳೆತು ತಳ ಸೇರಿತ್ತು. ಅದೇ ದಶಕದಲ್ಲಿ ನಮ್ಮ ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹುಳವನ್ನು ಇಲ್ಲಿಗೆ ತರಿಸಿ, ಪರೀಕ್ಷೆ ಮಾಡಿ, ಮೊದಲು ಬೆಂಗಳೂರಿನ ಒಂದು ಕೊಳದಲ್ಲಿ ಬಿಟ್ಟು ನೋಡಿದರು. ಕೇರಳದಲ್ಲೂ ಬಿಡಲಾಯಿತು. ದೋಣಿ ಹೋಗದ ಕಾಲುವೆಗಳಲ್ಲಿ ಮತ್ತೆ ದೋಣಿ ಹೋಯಿತು.

ಇಷ್ಟಕ್ಕೂ ಮೂಲ ಏನು ಹೇಳಿ? ಯಾರೋ ಒಬ್ಬರು ಗಿಡವನ್ನು ತಿರುಗಿಸಿ ಹಿಡಿದು, ಕೆಳಗೆ ನೇತಾಡುವ ಚೀಲ ನೋಡಿದರು. ನಿಮ್ಮ ಮಗಳು ಸೊಪ್ಪಿನ ಕಟ್ಟಿನಿಂದ ಅರ್ಧ ಎತ್ತಿಟ್ಟಳಲ್ಲ, ಅದೂ ಇದೇ ಕೆಲಸ ಅಕ್ಕಾ.

ಹೆಸರಿನ ಗೊಂದಲ ನಮ್ಮಲ್ಲೂ ಇದೆ. ಕೆರೆ ತುಂಬ ನೀಲಿ ಹೂ ಬಿಟ್ಟುಕೊಂಡು ನಿಲ್ಲುವ ವಾಟರ್ ಹಯಸಿಂತನ್ನು ಎಷ್ಟೋ ಕಡೆ ಅಂತರಗಂಗೆ ಅಂತ ಬರೆಯುತ್ತಾರೆ. ನಿಜವಾದ ಅಂತರಗಂಗೆ ಬೇರೆ, ಪುಟ್ಟ ಎಲೆಕೋಸಿನ ಹಾಗೆ ತೇಲುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ. ಇನ್ನು 'ಕಳೆ ಬಂದಿದ್ದರಿಂದ ಕೆರೆ ಹಾಳಾಯಿತು' ಅನ್ನುವ ಮಾತು. ಬಹಳ ಸಲ ತಿರುಗಾಮುರುಗಾ. ಊರಿನ ಚರಂಡಿ ಕೆರೆಗೆ ಬಿದ್ದು, ನೀರಿನಲ್ಲಿ ಸಾರಜನಕ, ರಂಜಕ ಜಾಸ್ತಿಯಾದಾಗ ಹಯಸಿಂತ್‌ಗೆ ಹಬ್ಬದೂಟ ಸಿಕ್ಕಂತೆ. ಚರಂಡಿ ತಿರುಗಿಸದೆ ಬರೀ ಯಂತ್ರ ತಂದು ಕಳೆ ಎತ್ತಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅಷ್ಟೇ ಇರುತ್ತದೆ. ಜೊತೆಗೆ ಯಂತ್ರ ದಂಡೆಯ ಜೊಂಡು, ನೈದಿಲೆ, ಬಜೆ, ನೀರುಬ್ರಾಹ್ಮಿ ಎಲ್ಲವನ್ನೂ ಬಳಿದು ಹಾಕಿರುತ್ತದೆ. ಮೀನು ಮೊಟ್ಟೆ ಇಡುವ ಜಾಗ ಅದು, ಹಕ್ಕಿ ಗೂಡು ಕಟ್ಟುವ ಜಾಗ ಅದು. ಹಾಗೆ ಬೋಳಾದ ಕೆರೆಗಳನ್ನು ನೋಡಿದಾಗ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಇಂಥ ಕೆಲಸ ಹಿಡಿದವರ ಬದುಕು ಹೇಗಿರುತ್ತೆ ಅಂತ ಕೇಳಿದ್ದೀರಿ. ಒಂದೇ ಥರ ಇರುವುದಿಲ್ಲ. ನನಗೆ ಹತ್ತಿರವಾದ ಕೆಲವರನ್ನು ಹೇಳುತ್ತೇನೆ.

ಆಗ್ನೆಸ್ ಆರ್ಬರ್ ಅಂತ ಇಂಗ್ಲೆಂಡಿನ ಹೆಣ್ಣುಮಗಳು, ಹುಟ್ಟಿದ್ದು 1879ರಲ್ಲಿ. 1918ರಲ್ಲಿ ಗಂಡ ತೀರಿಕೊಂಡರು, ಮಗಳಿಗೆ ಆಗಿನ್ನೂ ಐದು ವರ್ಷ. ಎರಡೇ ವರ್ಷಕ್ಕೆ, 1920ರಲ್ಲಿ, ನೀರಿನ ಗಿಡಗಳ ಮೇಲೆ ಅವರ ದೊಡ್ಡ ಪುಸ್ತಕ ಬಂತು. ನೂರು ವರ್ಷ ಕಳೆದರೂ ನಮ್ಮ ವಿಷಯದಲ್ಲಿ ಅದನ್ನು ಜನ ತೆಗೆದು ನೋಡುತ್ತಾರೆ. ಅವರು ಕೆಲಸ ಮಾಡುತ್ತಿದ್ದ ಕಾಲೇಜು ಪ್ರಯೋಗಾಲಯ 1927ರಲ್ಲಿ ಮುಚ್ಚಿತು. ಆಮೇಲೆ ಮನೆಯ ಒಂದು ಚಿಕ್ಕ ಕೋಣೆಯಲ್ಲೇ ಸೂಕ್ಷ್ಮದರ್ಶಕ ಇಟ್ಟುಕೊಂಡು ಕೆಲಸ ಮುಂದುವರಿಸಿದರು. 1946ರಲ್ಲಿ ಇಂಗ್ಲೆಂಡಿನ ದೊಡ್ಡ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಫೆಲೋ ಆದರು. ಸಸ್ಯವಿಜ್ಞಾನದಲ್ಲಿ ಆ ಗೌರವ ಪಡೆದ ಮೊದಲ ಹೆಂಗಸು ಅವರೇ. ಸಂಸಾರ, ಮಗು, ಹಣದ ಮುಗ್ಗಟ್ಟು ಇದ್ದವರಿಗೆ ಈ ವಿದ್ಯೆ ಆಗುವುದಿಲ್ಲ ಅಂತ ಯಾರಾದರೂ ಅಂದರೆ ನನಗೆ ಆ ಚಿಕ್ಕ ಕೋಣೆ ನೆನಪಾಗುತ್ತದೆ.

ನಮ್ಮ ದೇಶದಲ್ಲಿ ಕೆ. ಸುಬ್ರಹ್ಮಣ್ಯಂ 1962ರಲ್ಲಿ ಭಾರತದ ನೀರಿನ ಹೂಗಿಡಗಳ ಬಗ್ಗೆ ಬರೆದ ಪುಸ್ತಕ ನನ್ನ ತಲೆಮಾರಿಗೆ ಅಕ್ಷರಮಾಲೆ ಇದ್ದ ಹಾಗೆ ಇತ್ತು. ಮೈಸೂರಿನಲ್ಲಿ ಜಿ.ಡಿ. ಅರೇಕಲ್, ಸಿ.ಆರ್. ನಾಗೇಂದ್ರನ್ 1970ರ ದಶಕದಲ್ಲಿ ಹೊಳೆ ಬಂಡೆಗೆ ಅಂಟಿ ಬೆಳೆಯುವ ಪೋಡೋಸ್ಟೆಮೇಸಿ ಕುಟುಂಬದ ಗಿಡಗಳನ್ನು ಓದಿದರು. ನೀವು ಮಲೆನಾಡಿನ ಕಡೆ ಹೋದಾಗ ನೋಡಿರುತ್ತೀರಿ, ಪಾಚಿ ಅಂದುಕೊಂಡು ಕಾಲಿಟ್ಟಿರುತ್ತೀರಿ. ಮಳೆಗಾಲವೆಲ್ಲ ರಭಸದ ನೀರಿನ ಅಡಿಯಲ್ಲಿ ಬಂಡೆ ಕಚ್ಚಿಕೊಂಡಿರುತ್ತವೆ. ಮಳೆ ನಿಂತು ನೀರು ಇಳಿದು ಬಂಡೆ ತಲೆ ಎತ್ತಿದ ಕೂಡಲೇ ಗಡಿಬಿಡಿಯಲ್ಲಿ ಹೂ ಬಿಟ್ಟು, ಕಾಯಿ ಕಟ್ಟಿ, ಒಣಗಿ ಹೋಗುತ್ತವೆ. ಬೀಜ ಒದ್ದೆಯಾದಾಗ ಲೋಳೆ ಬಿಟ್ಟು ಬಂಡೆಗೇ ಅಂಟುತ್ತದೆ. ರಾಗಿ, ಭತ್ತದ ಕಾಳಿನಲ್ಲಿ ಭ್ರೂಣಕ್ಕೆ ಊಟವಾಗಿ ಎಂಡೋಸ್ಪರ್ಮ್ ಅಂತ ಒಂದು ಭಾಗ ಇರುತ್ತದೆ, ನಾವು ತಿನ್ನುವುದು ಅದನ್ನೇ. ಈ ಬಂಡೆ ಗಿಡಗಳಲ್ಲಿ ಅದು ಹುಟ್ಟುವುದೇ ಇಲ್ಲ. ಹೊಳೆಗೆ ಅಣೆಕಟ್ಟು ಬಂದು, ನೀರು ಏರಿ ಇಳಿಯುವ ಲಯ ತಪ್ಪಿದರೆ ಇವು ಆ ಜಾಗದಿಂದ ಕಾಣೆಯಾಗುತ್ತವೆ. ಗಿಡ ಗುರುತಿಸುವವರು ಯಾರೂ ಇಲ್ಲದಿದ್ದರೆ, ಹೋದದ್ದೂ ಗೊತ್ತಾಗುವುದಿಲ್ಲ.

ಪಿಎಚ್.ಡಿ. ದಾರಿಯಲ್ಲಿ ಬರದೆಯೂ ದೊಡ್ಡ ಕೆಲಸ ಮಾಡಿದವರಿದ್ದಾರೆ. ಲಂಡನ್ನಿನ ಕ್ಯೂ ಸಸ್ಯತೋಟದ ಕಾರ್ಲೋಸ್ ಮ್ಯಾಗ್ಡಲೀನಾ ಸ್ಪೇನ್‌ನವರು. ಹೋಟೆಲ್ ಕೆಲಸ ಮಾಡಿಕೊಂಡಿದ್ದವರು ಕ್ಯೂನಲ್ಲಿ ತರಬೇತಿಗೆ ಸೇರಿದರು. ರುವಾಂಡಾದ ಒಂದು ಬಿಸಿನೀರಿನ ಬುಗ್ಗೆಯ ಹತ್ತಿರ ಪ್ರಪಂಚದಲ್ಲೇ ಅತಿ ಚಿಕ್ಕ ನೈದಿಲೆ ಇತ್ತು, ಎಲೆ ಒಂದೆರಡು ಸೆಂಟಿಮೀಟರ್‌ನಷ್ಟೂ ಚಿಕ್ಕದಾಗಿರಬಹುದು. 1987ರಲ್ಲಿ ಗೊತ್ತಾಗಿದ್ದು, 2008ರ ಹೊತ್ತಿಗೆ ಬುಗ್ಗೆಯ ನೀರನ್ನು ಬೇರೆ ಕಡೆ ಹರಿಸಿಕೊಂಡದ್ದರಿಂದ ಅಲ್ಲಿ ಇಲ್ಲವಾಯಿತು. ಬೀಜ ಕ್ಯೂಗೆ ಬಂದಿತ್ತು. ಮೊಳೆಯುತ್ತಿತ್ತು, ಆದರೆ ಸಸಿಗಳು ನೀರೊಳಗೆ ಒಂದೊಂದೇ ಸಾಯುತ್ತಿದ್ದವು. ನೈದಿಲೆ ಅಂದಮೇಲೆ ನೀರೊಳಗೇ ಇಡಬೇಕು ಅಂತ ಎಲ್ಲರ ತಲೆಯಲ್ಲಿ ಕೂತಿತ್ತು. ಇವರು ಹಳೆಯ ಟಿಪ್ಪಣಿ ಓದಿ, ಆ ಗಿಡ ಬೆಳೆಯುತ್ತಿದ್ದದ್ದು ನೀರಲ್ಲಲ್ಲ, ಬುಗ್ಗೆಯ ಪಕ್ಕದ ಒದ್ದೆ ಕೆಸರಿನಲ್ಲಿ ಅಂತ ಗಮನಿಸಿದರು. ಕುಂಡದ ಮಣ್ಣನ್ನು ನೀರಿನ ಮಟ್ಟಕ್ಕೇ ತಂದು, ಎಲೆಗೆ ಗಾಳಿ ತಾಗುವ ಹಾಗೆ ಇಟ್ಟರು. 2009ರಲ್ಲಿ ಅದು ಹೂ ಬಿಟ್ಟಿತು.

ಇನ್ನು ನಮ್ಮ ದಿನ ಹೇಗಿರುತ್ತೆ ಅಂದರೆ, ದೋಣಿಯಲ್ಲಿ ಓಡಾಡಿಕೊಂಡಿರುವುದು ವರ್ಷದಲ್ಲಿ ಕೆಲವೇ ವಾರ. ಉಳಿದದ್ದು ಮೇಜು, ಸೂಕ್ಷ್ಮದರ್ಶಕ, ರಿಜಿಸ್ಟರ್. ಹೊರಗೆ ಹೋಗುವ ದಿನ ಬೆಳಗಾಗುವ ಮುಂಚೆ ಹೊರಡಬೇಕು. ಕೆಲವು ನೈದಿಲೆ ರಾತ್ರಿ ಅರಳಿ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತವೆ, ಕೆಲವು ಬೆಳಗ್ಗೆ ಅರಳುತ್ತವೆ. ಹೂ ಬೇಕು ಅಂದರೆ ಅವುಗಳ ಹೊತ್ತಿಗೆ ನಾವು ಹೋಗಬೇಕು.

ಗಿಡವನ್ನು ಹಾಳೆ ಮೇಲೆ ಒಣಗಿಸಿ ಕಾಪಿಡುವ ಒಂದು ಕೈಚಳಕ ಮಗಳಿಗೆ ಈಗಲೇ ಹೇಳಿಕೊಡಿ. ನೀರಿನೊಳಗಿನ ಗಿಡ ಹೊರಗೆ ತೆಗೆದ ಕೂಡಲೇ ಮುದ್ದೆಯಾಗುತ್ತದೆ, ಒದ್ದೆ ಕೂದಲಿನ ಹಾಗೆ. ಮುದ್ದೆಯನ್ನು ಹಾಳೆ ಮೇಲೆ ಬಿಡಿಸಲು ಹೋದರೆ ಎಲ್ಲ ಹರಿಯುತ್ತದೆ. ಅಗಲವಾದ ತಟ್ಟೆಯಲ್ಲಿ ನೀರು ತುಂಬಿ ಗಿಡ ಬಿಡಬೇಕು. ಅದು ತಾನಾಗೇ ಬಿಡಿಸಿಕೊಳ್ಳುತ್ತದೆ. ಆಮೇಲೆ ದಪ್ಪ ಬಿಳಿ ಹಾಳೆಯನ್ನು ನೀರೊಳಗೆ ಗಿಡದ ಅಡಿಗೆ ಜಾರಿಸಿ, ಒಂದು ಕಡೆಯಿಂದ ನಿಧಾನವಾಗಿ ಎತ್ತಬೇಕು. ನೀರು ಇಳಿದುಹೋಗಿ ಗಿಡ ಹಾಳೆಯ ಮೇಲೆ ಬರೆದ ಚಿತ್ರದ ಹಾಗೆ ಕೂರುತ್ತದೆ. ಮೇಲೊಂದು ತೆಳು ಮಲ್ ಬಟ್ಟೆ ಹೊದಿಸಿ, ನ್ಯೂಸ್ ಪೇಪರ್ ನಡುವೆ ಇಟ್ಟು ಭಾರ ಹೇರಬೇಕು. ಬಟ್ಟೆ ಹಾಕದಿದ್ದರೆ ಗಿಡ ಪೇಪರಿಗೇ ಅಂಟಿಕೊಳ್ಳುತ್ತದೆ. ಪೇಪರ್ ದಿನಾ ಬದಲಾಯಿಸಬೇಕು, ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ. ನಾನು ಮೊದಲ ಸಲ ಸರಿಯಾಗಿ ಎತ್ತಿದ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಈಗ ನೀರಿನ ವಿಷಯ. ಆ ಹುಡುಗನ ಸುದ್ದಿ ಓದಿ ತುಂಬ ಬೇಜಾರಾಯಿತು. ನಿಮ್ಮ ಭಯ ಸುಳ್ಳಲ್ಲ. ಆದರೆ ಜನ ಹೆದರುವುದು ಹಾವಿಗೆ, ಸುಳಿಗೆ. ನಮ್ಮ ಬಯಲುಸೀಮೆ ಕೆರೆಗಳಲ್ಲಿ ನಾನು ಹೆದರುವುದು ಗುಂಡಿಗೆ. ಹೂಳು ತೆಗೆದಾಗಲೋ ಮಣ್ಣು ಹೊಡೆದಾಗಲೋ ಆದ ಗುಂಡಿ ಮೇಲಿಂದ ಕಾಣುವುದಿಲ್ಲ. ಮೊಣಕಾಲು ನೀರಿನಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ಆಳೆತ್ತರ ಇಳಿಯುತ್ತಾರೆ. ಎರಡನೆಯದು ಕೆಸರು, ಕಾಲು ಕಿತ್ತುಕೊಳ್ಳಲು ಬಿಡುವುದಿಲ್ಲ. ಅದಕ್ಕೆ ನನ್ನ ವಿದ್ಯಾರ್ಥಿಗಳಿಗೆ ನಿಯಮ ಕಟ್ಟುನಿಟ್ಟು. ಒಬ್ಬರೇ ನೀರಿಗೆ ಇಳಿಯುವಂತಿಲ್ಲ, ದಡದಲ್ಲಿ ಹಗ್ಗ ಹಿಡಿದು ಒಬ್ಬರು ನಿಂತಿರಬೇಕು. ಉದ್ದನೆ ಬಿದಿರು ಕೋಲಿನಿಂದ ಮುಂದೆ ತಡಕಿಯೇ ಹೆಜ್ಜೆ. ಮೊಣಕಾಲು ದಾಟಿದರೆ ಲೈಫ್ ಜಾಕೆಟ್. ತೆಪ್ಪ ಹತ್ತುವಾಗ ಈಜು ಬಂದರೂ ಜಾಕೆಟ್ ಬೇಕೇ ಬೇಕು. ಆ ಕೆರೆಯನ್ನು ಚಿಕ್ಕಂದಿನಿಂದ ಬಲ್ಲ ಊರಿನ ಮೀನುಗಾರರನ್ನು ಕೇಳದೆ ಹೊಸ ಕೆರೆಗೆ ಇಳಿಯಬಾರದು. ಕಾಲಲ್ಲಿ ಗಾಯ ಇದ್ದರೆ ಆ ದಿನ ದಡದ ಕೆಲಸ ಮಾತ್ರ, ಯಾಕಂದರೆ ಇಂಥ ನೀರಿನಿಂದ ಇಲಿ ಜ್ವರ ಬರುತ್ತದೆ. ಕೆರೆಗೆ ಹೋಗಿಬಂದ ಮೇಲೆ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ 'ಕೆರೆ ನೀರಲ್ಲಿ ನಿಂತಿದ್ದೆ' ಅಂತ ಬಾಯಿಬಿಟ್ಟು ಹೇಳಬೇಕು.

ಈಜು ಈ ರಜೆಯಲ್ಲೇ ಕಲಿಯಲಿ, ಹಾಸನದ ಕಡೆ ಯಾರಾದರೂ ತರಬೇತುದಾರರ ಹತ್ತಿರ, ಈಜುಕೊಳದಲ್ಲಿ. ಊರ ಕೆರೆಯಲ್ಲಿ ಬೇಡ. ಅಲ್ಲಿ ತನಕ ದಡದಿಂದ ಕೈಗೆ ಸಿಗುವ ಗಿಡಗಳೇ ಅವಳಿಗೆ ಬೇಕಾದಷ್ಟಿವೆ.

ಹಣದ ಮಾತಿಗೆ ಬರೋಣ. ಎಂ.ಎಸ್ಸಿ. ಎರಡು ವರ್ಷ. ಆಗಲೇ ಸಿಎಸ್ಐಆರ್-ಯುಜಿಸಿ ನೆಟ್ ಪರೀಕ್ಷೆಗೆ ಓದಬೇಕು, ವಿಷಯ ಲೈಫ್ ಸೈನ್ಸಸ್. ಅದರಲ್ಲಿ ಜೆ.ಆರ್.ಎಫ್., ಅಂದರೆ ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್, ಸಿಕ್ಕರೆ ಪಿಎಚ್.ಡಿ.ಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮೇಲೆ ಮನೆ ಬಾಡಿಗೆ ಭತ್ಯೆ. 2023ರಿಂದ ಈ ದರ ಇದೆ. ಅಂದರೆ ಪಿಎಚ್.ಡಿ. ಓದಲು ನೀವು ಸಾಲ ಮಾಡಬೇಕಾಗಿಲ್ಲ. ಫೆಲೋಶಿಪ್ ಇಲ್ಲದೆ, ಕೈಯಿಂದ ಹಾಕಿಕೊಂಡು ಪಿಎಚ್.ಡಿ.ಗೆ ಸೇರುವುದಕ್ಕೆ ಮಾತ್ರ ನಾನು ಬೇಡ ಅಂತಲೇ ಹೇಳುತ್ತೇನೆ. ನಿಮ್ಮ ಮನೆಯ ಪರಿಸ್ಥಿತಿಗೆ ಅದು ಭಾರ.

ಸಿಕ್ಕಿದ ಮೇಲೂ ಹಣ ತಿಂಗಳು ತಿಂಗಳು ಸರಿಯಾಗಿ ಬರುತ್ತದೆ ಅಂತ ನಂಬಿಕೊಂಡಿರಬೇಡಿ. ನಾನು ಸಂಶೋಧನೆ ಮಾಡುವಾಗ ಒಮ್ಮೆ ಎಂಟು ತಿಂಗಳು ಫೆಲೋಶಿಪ್ ಬರಲಿಲ್ಲ. ಹಾಸ್ಟೆಲ್ ಮೆಸ್ ಬಿಲ್ ಬಾಕಿ, ಅಮ್ಮನ ಬಳೆ ಅಡವಿಟ್ಟು ಕಟ್ಟಿದ್ದೆ. ಆಮೇಲೆ ಒಟ್ಟಿಗೆ ಬಂತು, ಬಳೆಯೂ ಬಿಡಿಸಿಕೊಂಡೆ. ಆದರೆ ಆ ಎಂಟು ತಿಂಗಳು ಹೇಗೆ ಕಳೆದೆ ಅಂತ ನನಗೇ ಗೊತ್ತು. ಮಗಳು ಫೆಲೋಶಿಪ್‌ನ ಮೊದಲ ವರ್ಷದಲ್ಲೇ ಆರು ತಿಂಗಳ ಖರ್ಚು ಬೇರೆ ಎತ್ತಿಡಲಿ.

ಪಿಎಚ್.ಡಿ. ಐದರಿಂದ ಆರು ವರ್ಷ ಹಿಡಿಯುತ್ತದೆ. ಅದು ಮುಗಿದ ಮೇಲೆ ಏನು? ಕಾಲೇಜು ಸಹಾಯಕ ಪ್ರಾಧ್ಯಾಪಕಿ ಆಗಬಹುದು, ಅದಕ್ಕೆ ನೆಟ್, ನಮ್ಮ ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಅಥವಾ ಪಿಎಚ್.ಡಿ. ಬೇಕು. ಆದರೆ ಸರ್ಕಾರಿ ನೇಮಕಾತಿ ಯಾವಾಗ ಕರೆಯುತ್ತಾರೆ ಅಂತ ಹೇಳಲು ಬರುವುದಿಲ್ಲ. ಅಲ್ಲಿ ತನಕ ಅತಿಥಿ ಉಪನ್ಯಾಸಕಿಯಾಗಿ ವರ್ಷಗಟ್ಟಲೆ ಕಳೆದವರು ನನ್ನ ಜೊತೆಯವರಲ್ಲೇ ಇದ್ದಾರೆ, ಒಳ್ಳೊಳ್ಳೆಯವರು. ನಾನು ಶುರುವಿನಲ್ಲಿ ನಡುವಿನ ವರ್ಷಗಳು ಅಂದದ್ದು ಇದನ್ನೇ. ಭಾರತೀಯ ಸಸ್ಯ ಸರ್ವೇಕ್ಷಣೆ 1890ರಿಂದ ಇದೆ, ಪುಣೆ, ಕೊಯಮತ್ತೂರಿನಲ್ಲಿ ಅದರ ಕೇಂದ್ರಗಳಿವೆ, ಗಿಡ ಗುರುತಿಸುವವರಿಗೆ ತವರುಮನೆ ಇದ್ದ ಹಾಗೆ. ಹುದ್ದೆ ಕಡಿಮೆ. ಅಣೆಕಟ್ಟು, ಗಣಿ, ರಸ್ತೆ ಯೋಜನೆಗಳಿಗೆ ಪರಿಸರ ಪರಿಣಾಮ ವರದಿ ಬರೆಯುವ ಕಂಪನಿಗಳು ಜೀವಿವೈವಿಧ್ಯ ಬಲ್ಲವರನ್ನು ಇಟ್ಟುಕೊಳ್ಳಲೇಬೇಕು. ಸಂಬಳ ಪರವಾಗಿಲ್ಲ. ಆದರೆ 'ಇಲ್ಲಿ ವಿಶೇಷ ಗಿಡ ಏನೂ ಇಲ್ಲ' ಅಂತ ಬರೆದುಕೊಡಿ ಅನ್ನುವ ಒತ್ತಡ ಬರಬಹುದು, ಅದಕ್ಕೆ ಗಟ್ಟಿ ಮನಸ್ಸು ಬೇಕು. ಕೆರೆ ಉಳಿಸುವ ಸಂಸ್ಥೆಗಳು, ಗಿಡಗಳಿಂದ ಕೊಳಚೆ ನೀರು ಶುದ್ಧ ಮಾಡುವ ಯೋಜನೆಗಳು ಕೆಲಸ ಕೊಡುತ್ತವೆ, ಅವು ಯೋಜನೆ ಇರುವ ತನಕ ಮಾತ್ರ. ಅಕ್ವೇರಿಯಂ ಗಿಡ, ಕುಂಡದ ತಾವರೆ ನೈದಿಲೆ ಬೆಳೆಸಿ ಮಾರುವವರೂ ಇದ್ದಾರೆ. ಅವಳ ಆರು ಟಬ್ಬು ಅದಕ್ಕೆ ಶುರು ಅನ್ನಬಹುದು. ಅರಣ್ಯ ಇಲಾಖೆಯ ಪರೀಕ್ಷೆಗಳನ್ನೂ ಬಾಟನಿ ಓದಿದವರು ಬರೆಯಬಹುದು.

ಒಂದು ಎಚ್ಚರ. ಇವರಲ್ಲಿ ಯಾರೂ 'ಜಲಸಸ್ಯ ತಜ್ಞೆ ಬೇಕಾಗಿದ್ದಾರೆ' ಅಂತ ಜಾಹೀರಾತು ಕೊಡುವುದಿಲ್ಲ. ಅವರಿಗೆ ಬೇಕಾಗುವುದು ಗಿಡ ಗುರುತಿಸಲು, ನೀರು ಪರೀಕ್ಷಿಸಲು, ನಕ್ಷೆ ಮಾಡಲು, ಅಂಕಿಅಂಶ ಬಿಡಿಸಲು, ಚೆನ್ನಾಗಿ ಬರೆಯಲು ಬರುವವರು. ಹಾಗಾಗಿ ಎಂ.ಎಸ್ಸಿ.ಯಲ್ಲಿ ಈ ಕೈಕೆಲಸಗಳನ್ನು ಕಲಿಯಲಿ.

ತಮ್ಮನ ಬಿ.ಇಡಿ. ಸಲಹೆಯನ್ನು ಪಕ್ಕಕ್ಕೆ ತಳ್ಳಬೇಡಿ. ನನ್ನ ಲೆಕ್ಕ ಹೀಗಿದೆ. ಎಂ.ಎಸ್ಸಿ. ಮಾಡಲಿ. ಮುಗಿದ ಮೇಲೆ ಎರಡು ವರ್ಷ ನೆಟ್‌ಗೆ ಕೊಡಿ, ಪರೀಕ್ಷೆ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಇರುತ್ತದೆ. ಸುಮ್ಮನೆ ಮನೆಯಲ್ಲಿ ಕೂತು ಓದುವುದಲ್ಲ, ಯಾವುದಾದರೂ ಯೋಜನೆಯಲ್ಲಿ ಸಹಾಯಕಿಯಾಗಿ ಸೇರಿಕೊಂಡು ಓದಲಿ. ಆ ಎರಡು ವರ್ಷದಲ್ಲಿ ಆಗದಿದ್ದರೆ ಬಿ.ಇಡಿ.ಗೆ ಹೋಗಲಿ, ಮುಖ ಸಣ್ಣ ಮಾಡಿಕೊಳ್ಳದೆ ಹೋಗಲಿ. ಮಕ್ಕಳಿಗೆ ಪಾಠ ಮಾಡಿಕೊಂಡೇ ತಮ್ಮೂರ ಗಿಡಗಳ ಬಗ್ಗೆ ಒಳ್ಳೆಯ ಲೇಖನ ಪ್ರಕಟಿಸಿದ ಮೇಷ್ಟ್ರುಗಳನ್ನು ನಾನು ಬಲ್ಲೆ. ಈ ಗಡುವನ್ನು ಅವಳ ಜೊತೆ ಕೂತು ಮಾತಾಡಿ ಈಗಲೇ ಇಟ್ಟುಕೊಳ್ಳಿ.

ಗೈಡ್ ಆರಿಸುವಾಗ ಹೆಸರು ನೋಡಿ ಮರುಳಾಗಬಾರದು. ಅವರ ಹಳೆಯ ವಿದ್ಯಾರ್ಥಿಗಳಿಗೆ, ಅದರಲ್ಲೂ ಹುಡುಗಿಯರಿಗೆ, ಫೋನ್ ಮಾಡಿ ಕೇಳಲಿ: ಎಷ್ಟು ವರ್ಷಕ್ಕೆ ಮುಗಿಯಿತು, ಫೀಲ್ಡಿಗೆ ಯಾರ ಜೊತೆ ಕಳಿಸುತ್ತಿದ್ದರು, ಹೇಗೆ ನಡೆಸಿಕೊಂಡರು. ಎರಡು ಕಡೆ ಉತ್ತರ ತಡವರಿಸಿದರೆ ಆ ಬಾಗಿಲು ಬೇಡ.

ಮದುವೆಯ ವಿಷಯ ನಿಮ್ಮ ಮನೆಯದು, ನಾನು ತಲೆ ಹಾಕುವುದಿಲ್ಲ. ನನ್ನದಾದದ್ದು ಪಿಎಚ್.ಡಿ.ಯ ಮೂರನೇ ವರ್ಷದಲ್ಲಿ. ಹುಡುಗನ ಕಡೆಯವರಿಗೆ ಮೊದಲೇ, 'ಮಳೆಗಾಲದಲ್ಲಿ ಮಗಳು ಮನೆಯಲ್ಲಿ ಸಿಗುವುದಿಲ್ಲ' ಅಂತ ಅಪ್ಪ ಹೇಳಿದ್ದರು. ಅಷ್ಟು ಹೇಳಿದ್ದೇ ನನ್ನನ್ನು ಕಾಪಾಡಿತು. ನೀವೂ ಹಾಗೇ ಮುಂಚೆಯೇ ಹೇಳಬಹುದು, ಅಲ್ವಾ?

ಈಗ ನಿಮ್ಮ ಜಿಲ್ಲೆಯ ಭಾಗ್ಯದ ಮಾತು. ಸಿಸಿಲ್ ಸಲ್ಡಾನಾ ಎಂಬ ಬೆಂಗಳೂರಿನ ಪಾದ್ರಿ, ಸಸ್ಯವಿಜ್ಞಾನಿ, ಅಮೆರಿಕದ ಡ್ಯಾನ್ ನಿಕಲ್ಸನ್ ಜೊತೆ ಸೇರಿ ಹಾಸನ ಜಿಲ್ಲೆಯ ಗಿಡಗಳ ಮೇಲೆಯೇ ಒಂದು ದಪ್ಪ ಪುಸ್ತಕ ಮಾಡಿದ್ದಾರೆ. 'ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್', 1976ರದು. ಎಷ್ಟೋ ಜಿಲ್ಲೆಗಳಿಗೆ ಈ ಭಾಗ್ಯ ಇಲ್ಲ. ಕಾಲೇಜು ಲೈಬ್ರರಿಯಲ್ಲಿ ಕೇಳಲಿ. ನಿಮ್ಮೂರ ಕೆರೆಯೊಂದನ್ನೇ ಹಿಡಿದು, ಹದಿನೈದು ದಿನಕ್ಕೊಮ್ಮೆ ಏರಿಯಿಂದ, ತೂಬಿನ ಹತ್ತಿರ, ಕೋಡಿ ಹತ್ತಿರ ಏನೇನು ಕಂಡಿತು, ನೀರು ಎಲ್ಲಿತ್ತು, ಯಾವುದು ಹೂ ಬಿಟ್ಟಿತ್ತು ಅಂತ ಒಂದು ವರ್ಷ ಬರೆಯಲಿ. ಐವತ್ತು ವರ್ಷದ ಹಿಂದಿನ ಪುಸ್ತಕದ ಪಕ್ಕ ಆ ನೋಟ್‌ಬುಕ್ ಇಟ್ಟರೆ ಏನು ಬಂದಿದೆ, ಏನು ಹೋಗಿದೆ ಅಂತ ಕಾಣುತ್ತದೆ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಅದಕ್ಕಿಂತ ಒಳ್ಳೆಯ ವಿಷಯ ನಾನು ಕೊಡಲಾರೆ.

ಟಬ್ಬುಗಳ ಸೊಳ್ಳೆಗೆ ನಿಮ್ಮ ಕೆರೆಯದೇ ನಾಲ್ಕು ನಾಲ್ಕು ಚಿಕ್ಕ ಮೀನು ಬಿಡಿ, ಮರಿಹುಳ ತಿಂದು ಮುಗಿಸುತ್ತವೆ. ಅಂಗಡಿಯಿಂದ ತಂದ ಗಿಡ ಏನಾದರೂ ಟಬ್ಬಿನಲ್ಲಿದ್ದರೆ, ಬೇಡವಾದಾಗ ಯಾವತ್ತೂ ಕೆರೆಗೋ ಕಾಲುವೆಗೋ ಎಸೆಯಬೇಡಿ. ಬಿಸಿಲಲ್ಲಿ ಪೂರ್ತಿ ಒಣಗಿಸಿ ಸುಟ್ಟುಬಿಡಿ. ಊರೂರಿಗೆ ಹಬ್ಬಿದ ಎಷ್ಟೋ ಕಳೆಗಳು ಮೊದಲು ಯಾರದೋ ಮನೆಯ ಚೆಂದದ ಗಿಡವಾಗಿದ್ದವು.

ಕೊನೆಗೆ ಸೊಪ್ಪು. ಫೋಟೊದಲ್ಲಿ ಎಲೆ ಮಾತ್ರ ಇದೆ, ಹೂ ಇಲ್ಲ. ನಾನು ಸಂಶೋಧನೆಗೆ ಸೇರಿದ ಮೊದಲ ವರ್ಷ ಎಲೆ ನೋಡಿಯೇ ಹೊನಗೊನೆ ಅಂತ ಬರೆದು ಕೊಟ್ಟಿದ್ದೆ. ನನ್ನ ಗೈಡ್ ಹಾಳೆ ವಾಪಸ್ ಕೊಟ್ಟು, 'ಹೂ ಸಿಗುವ ತನಕ ಹೆಸರಿನ ಜಾಗ ಖಾಲಿ ಬಿಡು' ಅಂದಿದ್ದರು. ಹಾಗಾಗಿ ನಿಮಗೂ ಈಗ ಹೆಸರು ಹೇಳುವುದಿಲ್ಲ. ಹೊನಗೊನೆಗೆ ದಕ್ಷಿಣ ಅಮೆರಿಕದಿಂದ ಬಂದ ಒಂದು ದಾಯಾದಿ ಇದೆ, ಅಲಿಗೇಟರ್ ವೀಡ್ ಅಂತ, ಕೊಳಚೆ ನೀರಿನಲ್ಲಿ ದಂಡಿಯಾಗಿ ಬೆಳೆಯುತ್ತದೆ. ಹೊನಗೊನೆಯ ಬಿಳಿ ಹೂಗುಚ್ಛ ಎಲೆಯ ಬುಡದಲ್ಲೇ, ಗಿಣ್ಣಿಗೆ ಒತ್ತಿಕೊಂಡು ಕೂತಿರುತ್ತದೆ, ತೊಟ್ಟು ಇರುವುದಿಲ್ಲ. ಅಲಿಗೇಟರ್ ವೀಡ್‌ನದು ಉದ್ದನೆ ತೊಟ್ಟಿನ ತುದಿಯಲ್ಲಿ ಗುಂಡಗೆ ನಿಂತಿರುತ್ತದೆ. ದಪ್ಪ ದಂಟನ್ನು ಅಡ್ಡ ಕತ್ತರಿಸಿದರೆ ಕೊಳವೆಯ ಹಾಗೆ ಟೊಳ್ಳು. ಕಟ್ಟು ಎಲ್ಲಿ ಕೊಯ್ದದ್ದು ಅಂತ ಮಾರುವವರನ್ನು ಕೇಳಿ. ಚರಂಡಿ ಬೀಳುವ ಕೆರೆಯದಾದರೆ ಯಾವ ಸೊಪ್ಪೇ ಆಗಲಿ ಅಡುಗೆಗೆ ಬೇಡ, ಅಂಥ ನೀರಿನ ಸೀಸದಂಥ ಲೋಹಗಳನ್ನು ಗಿಡ ಹೀರಿಕೊಂಡಿರಬಹುದು. ಮಗಳು ಎತ್ತಿಟ್ಟ ಅರ್ಧ ಕಟ್ಟಿನಲ್ಲಿ ನಾಲ್ಕು ದಂಟು ಒಂದು ಟಬ್ಬಿನಲ್ಲಿ ನೆಡಲಿ, ಬೇರೆ ಗಿಡಗಳಿಂದ ದೂರ. ಹೂ ಬಂದ ದಿನ ತೊಟ್ಟು ಕಾಣುವ ಹಾಗೆ ಒಂದು, ಕತ್ತರಿಸಿದ ದಂಟಿನದು ಒಂದು, ಎರಡು ಫೋಟೊ ಕಳಿಸಿ.